ಇಲಿಗೆ ವಾಸಿಯಾದ ಔಷಧ ಅವ್ವನಿಗೆ ಯಾಕೆ ಕೊಡೋದಿಲ್ಲ?

"ಟ್ರಾಸ್ಟುಜುಮ್ಯಾಬ್, ಲಪಾಟಿನಿಬ್ ಎರಡೂ ಕೂಡಿಸಿ ಕೊಟ್ಟಾಗ ಇಲಿಗಳಲ್ಲಿ ಸ್ತನದ ಗಡ್ಡೆ ಪೂರ್ತಿ ಕರಗಿತಂತೆ. ನಮ್ಮ ಅವ್ವನಿಗೆ ಒಂದೇ ಕೊಡ್ತಿದ್ದಾರೆ. ಯಾಕೆ?"

ಕೇಳಿದವರು ಜಮಖಂಡಿ ಕಡೆಯವರು. ಬೆಳಗಾವಿ, ಮಿರಜ್, ಸೊಲ್ಲಾಪುರ ಅಂತ ಆಸ್ಪತ್ರೆಗೆ ಓಡಾಡುವ ಮನೆಗಳಿಂದ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ಎಷ್ಟು ಸಲ ಬರೆದರೂ ಮುಗಿಯುತ್ತಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಪೂರ್ತಿ ಓದಿ.

ಎರಡೂ ಔಷಧ ಹರ್-2 ಪಾಸಿಟಿವ್ ಗಡ್ಡೆಗೆ ಮಾತ್ರ, ಅಂದರೆ ಕಣಕ್ಕೆ ಬೆಳೆಯಲು ಸೂಚನೆ ಕೊಡುವ ಹರ್-2 ಎಂಬ ಪ್ರೋಟೀನ್ ಅತಿಯಾಗಿರುವ ಗಡ್ಡೆಗೆ. ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್, ಕ್ಯಾನ್ಸರ್ ಕಣದ ಹೊರಮೈಯಲ್ಲಿರುವ ಹರ್-2ಕ್ಕೆ ಅಂಟಿಕೊಳ್ಳುತ್ತದೆ. ಲಪಾಟಿನಿಬ್ ಗುಳಿಗೆ, ಕಣದ ಒಳಗೆ ಹೋಗಿ ಅದೇ ಹರ್-2 ಕೆಲಸ ತಡೆಯುತ್ತದೆ. ಒಳಗೂ ಹೊರಗೂ ಹೊಡೆದರೆ ಒಳ್ಳೆಯದಲ್ವಾ ಅನ್ನಿಸೋದು ಸಹಜ. ಇಲಿಗಳಲ್ಲಿ ಹಾಗೇ ಆಯಿತು, ಸುದ್ದಿ ಸುಳ್ಳಲ್ಲ.

ಸುಳ್ಳು ಇರುವುದು ಅದರ ಮುಂದಿನ ಮಾತಿನಲ್ಲಿ: "ಇಲಿಗೆ ಗುಣವಾದರೆ ಮನುಷ್ಯರಿಗೂ ಆಗಲೇಬೇಕು, ಡಾಕ್ಟರು ಮುಚ್ಚಿಡುತ್ತಾರೆ." ಯಾರೂ ಮುಚ್ಚಿಟ್ಟಿಲ್ಲ. ಇದೇ ಜೋಡಿಯನ್ನು ಎಂಟು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳಿದ್ದ ಆಲ್ಟೊ ಅಧ್ಯಯನದಲ್ಲಿ ಪರೀಕ್ಷಿಸಿದರು. ಆಪರೇಷನ್ ಆದವರಿಗೆ ಎರಡೂ ಕೊಟ್ಟು ನೋಡಿದರು. 2014ರಲ್ಲಿ ಫಲಿತಾಂಶ ಬಂತು. ಟ್ರಾಸ್ಟುಜುಮ್ಯಾಬ್ ಒಂದನ್ನೇ ಕೊಟ್ಟದ್ದಕ್ಕಿಂತ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಭೇದಿ, ಮೈಮೇಲೆ ಗುಳ್ಳೆ ಮಾತ್ರ ಜಾಸ್ತಿ ಆದವು.

ಇಲಿಯಲ್ಲಿ ಯಾಕೆ ಬೇರೆ? ಆ ಇಲಿಗೆ ತಾನಾಗಿ ಕ್ಯಾನ್ಸರ್ ಬಂದಿರೋದಿಲ್ಲ. ರೋಗನಿರೋಧಕ ಶಕ್ತಿ ಕುಂದಿದ ಇಲಿಯನ್ನು ಆರಿಸಿ, ಲ್ಯಾಬ್‌ನಲ್ಲಿ ಬೆಳೆಸಿದ ಮನುಷ್ಯರ ಕ್ಯಾನ್ಸರ್ ಕಣಗಳನ್ನು ಚುಚ್ಚಿರುತ್ತಾರೆ. ಅದು ಒಂದೇ ಬೀಜ ಬಿತ್ತಿದ ಹೊಲ. ಅವ್ವನ ಗಡ್ಡೆ ಜೋಳದ ನಡುವೆ ಅಕ್ಕಡಿ ಕಾಳು ಹಾಕಿದ ಹೊಲದ ಹಾಗೆ, ಕಣಗಳೆಲ್ಲ ಒಂದೇ ತರ ಇರೋದಿಲ್ಲ. ಮೇಲಾಗಿ ಇಲಿಯಲ್ಲಿ ನೋಡೋದು ಕೆಲವು ವಾರ, ಅವ್ವನಿಗೆ ಬೇಕಾದದ್ದು ವರ್ಷಗಳು.

ಹಾಗಂತ ಇಲಿ ಪ್ರಯೋಗ ಸುಮ್ನೆ ಅಲ್ಲ. ಟ್ರಾಸ್ಟುಜುಮ್ಯಾಬ್‌ಗೆ ವಿಷದ ಔಷಧ ಕಟ್ಟಿದ ಟಿ-ಡಿಎಂ1 ಮೊದಲು ಗೆದ್ದದ್ದು ಇಲಿಗಳಲ್ಲೇ. ಆಮೇಲೆ, 2012ರಲ್ಲಿ, ರೋಗ ಹರಡಿದ್ದ ಹೆಣ್ಣುಮಕ್ಕಳಲ್ಲೂ ಗೆದ್ದಿತು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಟ್ರಾಸ್ಟುಜುಮ್ಯಾಬ್ ಮನುಷ್ಯರ ಹರ್-2ಕ್ಕೆ ಅಂಟುತ್ತದೆ, ಇಲಿಯದಕ್ಕೆ ಅಂಟೋದಿಲ್ಲ. ಹೀಗಾಗಿ ಹೃದಯಕ್ಕೆ ಅದರಿಂದ ಆಗುವ ತೊಂದರೆ ಇಲಿಯಲ್ಲಿ ಕಾಣಲಿಲ್ಲ. ಹೆಣ್ಣುಮಕ್ಕಳಲ್ಲಿ ಕಂಡಿತು. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸೋದು ಅದಕ್ಕೇ. ಖರ್ಚು ಅಂತ ತಪ್ಪಿಸಬೇಡಿ. ಆಸ್ಪತ್ರೆ ಬದಲಾಯಿಸಿದರೆ ಹಳೆಯ ಎಕೋ ರಿಪೋರ್ಟ್ ಜೊತೆಗಿರಲಿ, ಹೋಲಿಸಿ ನೋಡಬೇಕಾಗುತ್ತದೆ. ನಡುವೆ ಅವ್ವನಿಗೆ ಏದುಸಿರು ಬಂದರೆ, ಕಾಲು ಬಾತರೆ, ಮುಂದಿನ ಇಂಜೆಕ್ಷನ್ ತಾರೀಖಿಗೆ ಕಾಯದೆ ಡಾಕ್ಟರಿಗೆ ತೋರಿಸಿ.