ವೋಟು ಹಾಸನಕ್ಕೆ ಬಂದರೆ ಊರಿನ ತೋಟದ ಪಾಲು ಹೋಗುತ್ತಾ?

“ಸರ್, ನಮ್ಮೂರು ಸಕಲೇಶಪುರದ ಕಡೆ. ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದ್ತಿದ್ದೀನಿ. ವೋಟು ಇಲ್ಲೇ ಮಾಡಿಸಬಹುದಾ?”

ಪ್ರತಿ ವರ್ಷ ಹೊಸ ಬ್ಯಾಚ್ ಬಂದಾಗ ಇದೇ ಪ್ರಶ್ನೆ ಬರುತ್ತದೆ. ಪ್ರತಿ ವರ್ಷ ಇದೇ ಉತ್ತರ ಕೊಡುತ್ತೇನೆ: ಮಾಡಿಸಬಹುದು. ಊರಲ್ಲೇ ಇಟ್ಟುಕೊಂಡರೂ ಸರಿ, ಹಾಸ್ಟೆಲ್ ವಿಳಾಸಕ್ಕೆ ಮಾಡಿಸಿದರೂ ಸರಿ. ಕೋರ್ಸ್ ಮಾನ್ಯತೆ ಪಡೆದದ್ದು, ಕನಿಷ್ಠ 1 ವರ್ಷದ್ದು ಆಗಿರಬೇಕು. ಮೊದಲ ಸಲವಾದರೆ ಫಾರಂ 6, ಜೊತೆಗೆ ಕಾಲೇಜಿನ ಬೊನಫೈಡ್, ಅಂದರೆ ನೀವು ಅಲ್ಲಿ ಓದುತ್ತಿದ್ದೀರಿ ಅನ್ನುವ ಪತ್ರ. ಊರಲ್ಲಿ ಆಗಲೇ ಹೆಸರಿದ್ದರೆ ಅದನ್ನು ಇಲ್ಲಿಗೆ ವರ್ಗಾಯಿಸಲು ಫಾರಂ 8. ಎರಡೂ ಕಡೆ ಹೆಸರು ಇರುವಂತಿಲ್ಲ. ಸುಳ್ಳು ಘೋಷಣೆ ಬರೆದುಕೊಟ್ಟರೆ 1 ವರ್ಷದವರೆಗೆ ಜೈಲು ಆಗಬಹುದು.

ಇಷ್ಟು ಹೇಳಿದರೂ ಅರ್ಧ ಜನ ಫಾರಂ ತುಂಬುವುದಿಲ್ಲ. ಹೋದ ವರ್ಷ ಒಬ್ಬಳು ತುಂಬಿದ ಫಾರಂ ವಾಪಸ್ ಕೇಳಿದಳು. “ದೊಡ್ಡಪ್ಪ ಬೇಡ ಅಂದ್ರು ಸರ್. ವೋಟು ಊರಿಂದ ತೆಗೆಸಿದ್ರೆ ತೋಟದಲ್ಲಿ ಪಾಲು ಸಿಗಲ್ವಂತೆ.”

ಈ ಮಾತು ಎಷ್ಟು ಸಲ ಕೇಳಿದ್ದೇನೋ! ದಯವಿಟ್ಟು ಒಮ್ಮೆ ನಿಧಾನವಾಗಿ ಓದಿ. ಮತದಾರರ ಪಟ್ಟಿ ನಡೆಯುವುದು 1950ರ ಜನಪ್ರಾತಿನಿಧ್ಯ ಕಾಯ್ದೆಯ ಮೇಲೆ. ಅದು ಕೇಳುವುದು ನೀವು ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತೀರಿ ಅಂತ. ಊರಲ್ಲಿ ಮನೆ ಇದೆ ಅನ್ನುವ ಒಂದೇ ಕಾರಣಕ್ಕೆ ಅಲ್ಲಿನ ನಿವಾಸಿ ಆಗುವುದಿಲ್ಲ ಎಂದು ಆ ಕಾಯ್ದೆಯೇ ಬಿಡಿಸಿ ಹೇಳುತ್ತದೆ. ಅಂದರೆ ಆಸ್ತಿ ಇದ್ದ ಮಾತ್ರಕ್ಕೆ ವೋಟು ಬರುವುದಿಲ್ಲ. ವೋಟು ಹೋದರೆ ಆಸ್ತಿಯೂ ಹೋಗುವುದಿಲ್ಲ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು ಮರಣ ಪ್ರಮಾಣಪತ್ರ, ವಂಶವೃಕ್ಷ ಕೇಳುತ್ತಾರೆ. ನಿಮ್ಮ ಬೂತ್ ಯಾವುದು ಅಂತ ಯಾರೂ ಕೇಳಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ. ಅದನ್ನು ವೋಟರ್ ಲಿಸ್ಟ್ ಕಿತ್ತುಕೊಳ್ಳಲಾರದು. ರೇಷನ್ ಕಾರ್ಡ್ ಆಹಾರ ಇಲಾಖೆಯದ್ದು, ಪಹಣಿ ಕಂದಾಯ ಇಲಾಖೆಯದ್ದು. ಇವೆಲ್ಲ ಬೇರೆ ಬೇರೆ ದಾರಿ.

ಆ ಹುಡುಗಿ ಇದನ್ನೆಲ್ಲ ಬರೆದುಕೊಂಡು ಊರಿಗೆ ಹೋದಳು. ಸೋಮವಾರ ಬಂದವಳೇ ಫಾರಂ ಮತ್ತೆ ಕೊಟ್ಟಳು. ನನಗೆ ಅವತ್ತು ಪಾಠ ಮಾಡಿದ್ದಕ್ಕಿಂತ ಜಾಸ್ತಿ ಖುಷಿಯಾಯಿತು.

ಕಳೆದುಕೊಳ್ಳುವುದು ಒಂದಿದೆ, ಅದನ್ನೂ ಹೇಳಬೇಕು. ಹಾಸನಕ್ಕೆ ಬಂದರೆ ಊರಿನ ಗ್ರಾಮ ಪಂಚಾಯ್ತಿಗೆ ನೀವು ವೋಟು ಹಾಕಲಾಗದು. ನಿಮ್ಮೂರಿನ ರಸ್ತೆ, ನೀರಿನ ಮಾತು ನಿಮಗೆ ಮುಖ್ಯ ಅನಿಸಿದರೆ ಅಲ್ಲೇ ಇಟ್ಟುಕೊಳ್ಳಿ. ಲೋಕಸಭೆಗೆ ಮಾತ್ರ ಸಕಲೇಶಪುರ, ಬೇಲೂರಿನವರಿಗೆ ಏನೂ ವ್ಯತ್ಯಾಸವಿಲ್ಲ, ಎಲ್ಲವೂ ಹಾಸನ ಕ್ಷೇತ್ರವೇ. ಚಿಕ್ಕಮಗಳೂರು ಜಿಲ್ಲೆಯ ಕಡೂರು ಕೂಡ ಇದರಲ್ಲೇ ಬರುತ್ತದೆ.

ಇನ್ನೊಂದನ್ನು ಯಾರೂ ಕೇಳುವುದೇ ಇಲ್ಲ. ಡಿಗ್ರಿ ಮುಗಿದ ಮೇಲೆ ನಿಮಗೆ ಮತ್ತೊಂದು ವೋಟಿದೆ ಅಂತ ಗೊತ್ತಾ? ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ್ದು. ಪದವಿ ಪಡೆದು 3 ವರ್ಷ ಆಗಿರಬೇಕು. ಅದಕ್ಕೆ ಫಾರಂ 18. ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಹಿಂದಿನ ಸಲ ಹೆಸರಿತ್ತು ಅಂತ ಸುಮ್ನೆ ಕೂತರೆ ಆಗಲ್ಲ, ಮತ್ತೆ ಅರ್ಜಿ ಹಾಕಬೇಕು. ಪದವಿ ಪ್ರಮಾಣಪತ್ರದ ಜೆರಾಕ್ಸ್ ಒಂದು ಈಗಲೇ ಎತ್ತಿಟ್ಟುಕೊಳ್ಳಿ.