ವೈಫೈ ಪಾಸ್‌ವರ್ಡ್‌ಗೆ ಮೊಬೈಲ್ ನಂಬರ್ ಬೇಡ

ಮನೆಗಳಿಗೆ ವೈಫೈ ಸರಿಮಾಡಲು ಹೋದಾಗ ಪಾಸ್‌ವರ್ಡ್ ಕೇಳುತ್ತೇನೆ. ‘ನನ್ನ ಮೊಬೈಲ್ ನಂಬರೇ ಹಾಕಿ’ ಅನ್ನುತ್ತಾರೆ. ಕನೆಕ್ಷನ್ ಕೊಡಲು ಬಂದ ಹುಡುಗನಿಗೆ ಮುಂದಿನ ಮನೆಗೆ ಹೋಗುವ ಆತುರ ಇರುತ್ತದೆ. ನೆಟ್‌ವರ್ಕಿಗೆ ಯಜಮಾನರ ಹೆಸರು, ಪಾಸ್‌ವರ್ಡ್‌ಗೆ ಅವರ ನಂಬರ್ ಹಾಕಿ ಹೊರಟುಬಿಡುತ್ತಾನೆ. ಇಂಥ ವೈಫೈಗೆ ಕನ್ನ ಹಾಕಲು ಹ್ಯಾಕರೇ ಬೇಕಿಲ್ಲ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ಹೆಸರು ಹುಡುಕಿದರೆ ಸಾಕು, ಅಲ್ವಾ?

ನೆಟ್‌ವರ್ಕಿನ ಹೆಸರು ಬದಲಿಸಿದರೂ ತೊಂದರೆ ಪೂರ್ತಿ ಹೋಗುವುದಿಲ್ಲ. ನಿಮ್ಮ ಫೋನ್ ರೂಟರಿಗೆ ಸೇರಿಕೊಳ್ಳುವಾಗ ಎರಡರ ನಡುವೆ ನಾಲ್ಕು ಸಂದೇಶಗಳು ಓಡಾಡುತ್ತವೆ. ಈಗಲೂ ಹೆಚ್ಚಿನ ಮನೆಗಳಲ್ಲಿರುವ ಡಬ್ಲ್ಯುಪಿಎ2 ಎಂಬ ಭದ್ರತಾ ಪದ್ಧತಿಯಲ್ಲಿ ಆ ಸಂದೇಶದೊಳಗೆ ಪಾಸ್‌ವರ್ಡ್ ಇರುವುದಿಲ್ಲ, ಅದರಿಂದ ಲೆಕ್ಕ ಹಾಕಿ ತೆಗೆದ ಒಂದು ಗುರುತು ಇರುತ್ತದೆ. ವೈಫೈ ಅಲೆ ಮನೆಯ ಗೋಡೆಗೆ ನಿಲ್ಲುವುದಿಲ್ಲವಲ್ಲ. ಕೆಳಗೆ ರಸ್ತೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತವನು ಆ ಸಂದೇಶಗಳನ್ನು ಹಿಡಿದಿಟ್ಟುಕೊಳ್ಳಬಹುದು. ಆಮೇಲೆ ತನ್ನ ಮನೆಗೆ ಹೋಗಿ ಒಂದೊಂದೇ ಪಾಸ್‌ವರ್ಡ್ ಊಹಿಸಿ, ಗುರುತು ಹೊಂದುತ್ತದಾ ಅಂತ ನೋಡುತ್ತಾನೆ. ನಿಮ್ಮ ರೂಟರಿಗೆ ಇದು ಗೊತ್ತೇ ಆಗುವುದಿಲ್ಲ.

ನಮ್ಮ ಮೊಬೈಲ್ ನಂಬರಿನಲ್ಲಿ 10 ಅಂಕಿ. ಶುರುವಾಗುವುದು 6, 7, 8 ಅಥವಾ 9ರಿಂದ. ಅಂದರೆ ಒಟ್ಟು 400 ಕೋಟಿ ನಂಬರ್. ಕೇಳಲು ಜಾಸ್ತಿ ಅನಿಸುತ್ತದೆ. ಆದರೆ ಗೇಮ್ ಆಡುವ ಕಂಪ್ಯೂಟರಿನ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಲಕ್ಷಗಟ್ಟಲೆ ಊಹೆಗಳನ್ನು ಪರೀಕ್ಷಿಸುತ್ತದೆ. ರಾತ್ರಿ ಶುರು ಮಾಡಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಪಾಸ್‌ವರ್ಡ್ ಸಿಕ್ಕಿರುತ್ತದೆ.

ಪಾಸ್‌ವರ್ಡ್ 8ರಿಂದ 63 ಅಕ್ಷರದವರೆಗೆ ಇರಬಹುದು. ಆ ಜಾಗವನ್ನು ಬಳಸಿಕೊಳ್ಳಿ. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆಯಿರಿ: ಹುಣಸೆ, ಕಿಟಕಿ, ಬುಧವಾರ, ಚಕ್ಕಡಿ, ಹೀಗೆ. (ಇದನ್ನೇ ಹಾಕಬೇಡಿ, ಎಲ್ಲರೂ ಓದಿಯಾಯಿತು.) ಗಾದೆ, ಹಾಡಿನ ಸಾಲು, ಮಗಳ ಹೆಸರು ಮತ್ತು ಹುಟ್ಟಿದ ವರ್ಷ ಬೇಡ. ಹೊಸ ರೂಟರಾದರೆ 2018ರಲ್ಲಿ ಬಂದ ಡಬ್ಲ್ಯುಪಿಎ3 ಇರುತ್ತದೆ. ಸಂದೇಶ ಹಿಡಿದುಕೊಂಡು ಹೋಗಿ ಮನೆಯಲ್ಲಿ ಊಹಿಸುವ ಆಟ ಅದರಲ್ಲಿ ನಡೆಯುವುದಿಲ್ಲ. ಆದರೆ ಹಳೆಯ ಫೋನ್‌ಗಳಿಗಾಗಿ ಎರಡೂ ಪದ್ಧತಿ ಒಟ್ಟಿಗೆ ಇಟ್ಟರೆ ಡಬ್ಲ್ಯುಪಿಎ2ರ ದಾರಿ ತೆರೆದೇ ಇರುತ್ತದೆ. ಆಗಲೂ ಉದ್ದದ ಪಾಸ್‌ವರ್ಡೇ ಗತಿ.

‘ನೆಟ್ ತಾನೇ, ಪಕ್ಕದವರು ಬಳಸಿದರೆ ಬಳಸಲಿ’ ಅನ್ನುವವರೂ ಇದ್ದಾರೆ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಸ್ವಲ್ಪ ಮೊದಲು ಬಂದ ಬೆದರಿಕೆ ಇಮೇಲ್‌ನ ಜಾಡು ಹಿಡಿದ ಪೊಲೀಸರು ಹೋಗಿ ನಿಂತಿದ್ದು ನವಿ ಮುಂಬೈನಲ್ಲಿದ್ದ ಒಬ್ಬ ಅಮೆರಿಕನ್ನರ ಮನೆ ಬಾಗಿಲಿಗೆ. ಬೇರೆಯವರು ಅವರ ವೈಫೈ ಬಳಸಿದ್ದರು. ಪೊಲೀಸರ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕಾದವರು ಮನೆಯವರೇ.

ರೂಟರಿನ ಒಳಗೆ ಹೋಗಲು ಇನ್ನೊಂದು ಪಾಸ್‌ವರ್ಡ್ ಇದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಬ್ರೌಸರಿನಲ್ಲಿ 192.168.1.1 ಎಂದೋ, ರೂಟರಿನ ತಳದ ಚೀಟಿಯಲ್ಲಿರುವ ವಿಳಾಸವನ್ನೋ ಹಾಕಿದರೆ ಅದನ್ನು ಕೇಳುತ್ತದೆ. ಎಷ್ಟೋ ಕಡೆ ಇನ್ನೂ ‘ಅಡ್ಮಿನ್, ಅಡ್ಮಿನ್’ ಎಂದೇ ಇರುತ್ತದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಥ ಫ್ಯಾಕ್ಟರಿ ಪಾಸ್‌ವರ್ಡ್‌ಗಳ ಸಣ್ಣ ಪಟ್ಟಿಯೊಂದನ್ನು ಹಿಡಿದುಕೊಂಡೇ ಲಕ್ಷಾಂತರ ಕ್ಯಾಮೆರಾ, ರೂಟರುಗಳೊಳಗೆ ನುಗ್ಗಿತ್ತು. ಒಳಗೆ ಹೋದಾಗ ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬದಲು ಪಿನ್ ಕೊಟ್ಟು ಸೇರಿಕೊಳ್ಳುವ ಸೌಲಭ್ಯ) ಅನ್ನೂ ಆಫ್ ಮಾಡಿಬಿಡಿ. ಅದರ 8 ಅಂಕಿಯ ಪಿನ್ನನ್ನು ರೂಟರ್ ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಉಳಿದ ಏಳರ ಲೆಕ್ಕದಿಂದಲೇ ಬರುತ್ತದೆ. ಹಾಗಾಗಿ ಕೋಟಿಗಟ್ಟಲೆ ಬೇಕಿದ್ದ ಪ್ರಯತ್ನ ಬರೀ 11,000ಕ್ಕೆ ಇಳಿಯುತ್ತದೆ. ಈ ಹುಳುಕು 2011ರಲ್ಲೇ ಬಯಲಾಗಿದೆ. ನೆಟ್‌ವರ್ಕಿನ ಹೆಸರು ಮರೆಮಾಡುವುದು, ಮ್ಯಾಕ್ ವಿಳಾಸ (ಪ್ರತಿ ಸಾಧನದ ಗುರುತಿನ ಸಂಖ್ಯೆ) ನೋಡಿ ಸೋಸುವುದು ಇವೆಲ್ಲ ಸುಮ್ನೆ ನಿಮಗೇ ತಲೆನೋವು. ಎರಡನ್ನೂ ಗಾಳಿಯಲ್ಲೇ ಓದಬಹುದು.

ಇನ್ನು ರೂಟರ್ ಇಡುವ ಜಾಗ. ಫೈಬರ್ ಒಳಬರುವ ಮೂಲೆಯಲ್ಲೇ, ಟಿವಿ ಹಿಂದೆ ತುರುಕಿ, ಒಳಕೋಣೆಗೆ ಸಿಗ್ನಲ್ ಇಲ್ಲ ಅಂದರೆ ಏನು ಮಾಡೋಣ? ಮನೆಯ ನಡುಮಧ್ಯೆ, ಎತ್ತರದಲ್ಲಿ, ಗಾಡ್ರೇಜ್ ಬೀರು ಮತ್ತು ದೊಡ್ಡ ಕನ್ನಡಿಯಿಂದ ದೂರ ಇಡಿ. ಕರಾವಳಿಯ ದಪ್ಪ ಕೆಂಪುಕಲ್ಲಿನ ಗೋಡೆಗಳ ಮನೆಗೆ ಒಂದೇ ರೂಟರ್ ಸಾಲುವುದು ಕಷ್ಟ. ಅಗ್ಗದ ರಿಪೀಟರ್ ತರುವ ಬದಲು ಲ್ಯಾನ್ ಕೇಬಲ್ ಎಳೆಸಿ ಎರಡನೇ ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಹಾಕಿಸಿ. ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಮತ್ತೆ ಹೇಳಬೇಕು, ವೇಗ ಅರ್ಧಕ್ಕೆ ಬೀಳುತ್ತದೆ.

ನೆಂಟರಿಗೆ, ಸಿಸಿಟಿವಿ ಕ್ಯಾಮೆರಾಗೆ, ಸ್ಮಾರ್ಟ್ ಬಲ್ಬಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಇರಲಿ. ಪಾಸ್‌ವರ್ಡ್ ಬದಲಿಸಿದ ತಕ್ಷಣ ಟಿವಿ, ಪ್ರಿಂಟರ್, ಮನೆಯವರ ಫೋನ್ ಎಲ್ಲವೂ ಕಳಚಿಕೊಳ್ಳುತ್ತವೆ. ಅದಕ್ಕೇ ಈ ಕೆಲಸವನ್ನು ಭಾನುವಾರ ಬೆಳಗ್ಗೆ ಮಾಡಿ, ಯಾರದ್ದೋ ಆಫೀಸ್ ಮೀಟಿಂಗ್ ಮಧ್ಯೆ ಬೇಡ.