ಸೆಮ್‌ವರ್: ಮೂರು ಅಂಕಿಗಳಲ್ಲಿ ಕೊಟ್ಟ ಮಾತು

ಪುಟ್ಟದೊಂದು ಮುಕ್ತ ತಂತ್ರಾಂಶ ಲೈಬ್ರರಿಯ (ಬೇರೆಯವರು ತಮ್ಮ ಪ್ರೋಗ್ರಾಂಗಳಲ್ಲಿ ಬಳಸಲೆಂದು ಬರೆದಿಟ್ಟ ಕೋಡ್) ಹೊಸ ಬಿಡುಗಡೆ ಬಂದಾಗ ಅದರ ಹೆಸರಿನ ಪಕ್ಕದಲ್ಲಿ 1.4.2 ಎಂದೋ 0.9.0 ಎಂದೋ ಒಂದು ಸಂಖ್ಯೆ ಇರುತ್ತದೆ. ಹೊರಗಿನವರ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಆ ಲೈಬ್ರರಿಯನ್ನು ನೆಚ್ಚಿಕೊಂಡು ಕೋಡ್ ಬರೆದವರು ಮಾತ್ರ ಮೊದಲು ನೋಡುವುದು ಅದನ್ನೇ. ಅದರಲ್ಲೂ ಯಾವ ಅಂಕಿ ಬದಲಾಗಿದೆ ಎಂಬುದನ್ನು. ಆ ಅಂಕಿಗಳಿಗೆ ಅರ್ಥ ಕೊಡುವ ಪದ್ಧತಿಯೇ ಸೆಮ್ಯಾಂಟಿಕ್ ವರ್ಷನಿಂಗ್. ಬಳಕೆಯಲ್ಲಿ ಸವೆದು ಸೆಮ್‌ವರ್ ಆಗಿದೆ. ಕನ್ನಡದಲ್ಲಿ ಅರ್ಥವುಳ್ಳ ಆವೃತ್ತಿ ಸಂಖ್ಯೆ ಎನ್ನಬಹುದು.

ಇದನ್ನು ನಿಯಮಗಳಾಗಿ ಬರೆದಿಟ್ಟವರು ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ ಸ್ಥಾಪಕರಲ್ಲೊಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್. ಇಂದು ಬಳಕೆಯಲ್ಲಿರುವ ನಿಯಮಪಟ್ಟಿ 2013ರದು. ಅದರ ಆವೃತ್ತಿ ಸಂಖ್ಯೆ 2.0.0, ಪಟ್ಟಿ ತನ್ನ ನಿಯಮವನ್ನು ತನಗೂ ಅನ್ವಯಿಸಿಕೊಂಡಿದೆ.

ಮೂರು ಸ್ಥಾನಗಳ ಹೆಸರು ಎಡದಿಂದ ಬಲಕ್ಕೆ ಮೇಜರ್, ಮೈನರ್, ಪ್ಯಾಚ್. ಕೊನೆಯದು ಏರಿದರೆ, ಅಂದರೆ 1.4.2 ಹೋಗಿ 1.4.3 ಬಂದರೆ, ದೋಷ ತಿದ್ದಲಾಗಿದೆ, ಬೇರೇನೂ ಆಗಿಲ್ಲ ಎಂದು ಅರ್ಥ. ನಡುವಿನದು ಏರಿ 1.5.0 ಆದರೆ ಹೊಸದೇನೋ ಸೇರಿದೆ, ಆದರೆ ಹಳೆಯದೆಲ್ಲ ಹಾಗೆಯೇ ನಡೆಯುತ್ತದೆ. ಮೊದಲನೆಯದು ಏರಿ 2.0.0 ಆದರೆ ಎಚ್ಚರ ಬೇಕು. ಯಾವುದೋ ಫಂಕ್ಷನ್ ಹೋಗಿರಬಹುದು, ಹೆಸರು ಬದಲಾಗಿರಬಹುದು, ನಿಮ್ಮ ಕೋಡ್ ಮುರಿಯಬಹುದು. ಇಂಥ ಬದಲಾವಣೆಗೆ ಬ್ರೇಕಿಂಗ್ ಚೇಂಜ್ ಎನ್ನುತ್ತಾರೆ.

ಇಲ್ಲಿರುವ ಚುಕ್ಕಿ ದಶಮಾಂಶದ ಬಿಂದುವಲ್ಲ. 1.9.0 ಆದ ಮೇಲೆ 1.10.0 ಬರುತ್ತದೆ, ಅದು 1.9.0ಕ್ಕಿಂತ ದೊಡ್ಡದು. ಮನುಷ್ಯರಷ್ಟೇ ಅಲ್ಲ, ಯಂತ್ರಗಳೂ ಇಲ್ಲಿ ಎಡವುತ್ತವೆ. ಪೈಥಾನ್ ಭಾಷೆಯ 3.10 ಬಂದಾಗ, ಸೆಟ್ಟಿಂಗ್‌ಗಳನ್ನು ಬರೆದಿಡುವ ಯಾಮಲ್ ಕಡತಗಳಲ್ಲಿ ಉದ್ಧರಣ ಚಿಹ್ನೆಯಿಲ್ಲದೆ 3.10 ಎಂದು ಬರೆದಿದ್ದವರಿಗೆ ಅದು 3.1 ಆಗಿಬಿಡುತ್ತಿತ್ತು. ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಯಂತ್ರ ಅದನ್ನು ಬಿಟ್ಟುಬಿಡುತ್ತಿತ್ತು.

ಸೆಮ್‌ವರ್ ಓದುಗರಲ್ಲಿ ಯಂತ್ರಗಳೇ ಹೆಚ್ಚು. ಜಾವಾಸ್ಕ್ರಿಪ್ಟ್ ಲೈಬ್ರರಿಗಳನ್ನು ತಂದುಕೊಡುವ ಎನ್‌ಪಿಎಂನಲ್ಲಿ ಒಂದು ಲೈಬ್ರರಿಯ ಸಂಖ್ಯೆಯ ಮುಂದೆ ಕ್ಯಾರೆಟ್ ಹಾಕಿ ^1.4.2 ಎಂದು ಬರೆದರೆ, 2.0.0 ಮುಟ್ಟುವವರೆಗೆ ಬರುವ ಯಾವ ಹೊಸ ಬಿಡುಗಡೆಯಾದರೂ ಸರಿ ಎಂದು ಅರ್ಥ. ರಸ್ಟ್ ಭಾಷೆಗೆ ಇದೇ ಕೆಲಸ ಮಾಡುವ ಕಾರ್ಗೋದಲ್ಲಿ ಚಿಹ್ನೆಯೂ ಬೇಡ, ಬರಿಯ 1.4.2 ಎಂದರೂ ಇದೇ ಅರ್ಥ. ಹೀಗೆ ಎಲ್ಲೋ ಒಬ್ಬರು ರಾತ್ರಿ ಕುಳಿತು ತಿದ್ದಿದ ನಾಲ್ಕು ಸಾಲು, ಬೆಳಗಾಗುವಷ್ಟರಲ್ಲಿ ಅವರಿಗೆ ಪರಿಚಯವೇ ಇಲ್ಲದ ಸಾವಿರಾರು ಯೋಜನೆಗಳ ಒಳಗೆ ಹೋಗಿ ಕೂರಬಹುದು. ಯಾರೂ ಅದನ್ನು ಓದಿ ಒಪ್ಪಿರುವುದಿಲ್ಲ. ಮೂರನೆಯ ಅಂಕಿಯನ್ನು ಮಾತ್ರ ಏರಿಸಿದ್ದೇನೆ ಎಂಬ ಆ ಒಬ್ಬರ ಮಾತನ್ನು ನಂಬಿರುತ್ತಾರೆ, ಅಷ್ಟೆ. ಆದ್ದರಿಂದಲೇ ನಾನು ಇದನ್ನು ಲೆಕ್ಕ ಎನ್ನುವುದಿಲ್ಲ, ಕೊಟ್ಟ ಮಾತು ಎನ್ನುತ್ತೇನೆ.

ಮಾತು ಉಳಿಸಿಕೊಳ್ಳುವುದು ಕೇಳಿದಷ್ಟು ಸುಲಭವಲ್ಲ. ದಿನಾಂಕ ಓದುವ ಒಂದು ಚಿಕ್ಕ ಲೈಬ್ರರಿಯನ್ನು ಕಲ್ಪಿಸಿಕೊಳ್ಳಿ. ಫೆಬ್ರವರಿ 31 ಎಂದು ಕೊಟ್ಟರೆ ಅದು ಸುಮ್ಮನೆ ಮಾರ್ಚ್ 3 ಎಂದು ಉತ್ತರಿಸುತ್ತಿತ್ತು. ಇದು ದೋಷವೇ ಸರಿ. ನಿರ್ವಾಹಕರು ತಿದ್ದಿ, ಇಲ್ಲದ ದಿನಾಂಕ ಕೊಟ್ಟರೆ ಎರರ್ ಬರುವಂತೆ ಮಾಡುತ್ತಾರೆ. ಏರಬೇಕಾದ್ದು ಯಾವ ಅಂಕಿ? ದೋಷ ತಿದ್ದಿದ್ದರಿಂದ ಪ್ಯಾಚ್ ಎನ್ನಬಹುದು. ಆದರೆ ತಿಂಗಳಿಗೆ ಕುರುಡಾಗಿ ಒಂದನ್ನು ಕೂಡಿಸಿ, ಉಳಿದದ್ದನ್ನು ಲೈಬ್ರರಿಗೇ ಬಿಟ್ಟಿದ್ದ ಯಾರದೋ ಪ್ರೋಗ್ರಾಂ ಇವತ್ತು ನಿಂತುಹೋಗುತ್ತದೆ. ಅವರ ಪಾಲಿಗೆ ಇದು 2.0.0 ಆಗಬೇಕಿತ್ತು. ಬಳಸುವವರು ಸಾಕಷ್ಟು ಹೆಚ್ಚಿದಾಗ, ದಾಖಲೆಯಲ್ಲಿ ಏನೇ ಬರೆದಿರಲಿ, ಹೊರಗೆ ಕಾಣುವ ಪ್ರತಿಯೊಂದು ನಡವಳಿಕೆಯನ್ನೂ ಯಾರೋ ಒಬ್ಬರು ಆಧರಿಸಿಕೊಂಡಿರುತ್ತಾರೆ ಎಂಬ ತಂತ್ರಾಂಶ ಎಂಜಿನಿಯರ್ ಹೈರಮ್ ರೈಟ್ ಅವರ ಮಾತು ಹೈರಮ್ ನಿಯಮವೆಂದೇ ಹೆಸರಾಗಿದೆ. ಸೆಮ್‌ವರ್ ಇದಕ್ಕೆ ಕೊಡುವ ಉತ್ತರ ಒಂದೇ: ಮೊದಲು ನಿಮ್ಮ ಸಾರ್ವಜನಿಕ ಎಪಿಐ, ಅಂದರೆ ಹೊರಗಿನವರು ಬಳಸಲೆಂದು ಬಿಟ್ಟ ಭಾಗ, ಯಾವುದೆಂದು ಸ್ಪಷ್ಟವಾಗಿ ಹೇಳಿ. ಯಾವುದರ ಬಗ್ಗೆ ಮಾತು ಕೊಟ್ಟಿದ್ದೇವೆ ಎಂದೇ ಹೇಳದಿದ್ದರೆ, ಮುರಿದಿದ್ದು ಮಾತೋ ಅಲ್ಲವೋ ಎಂದು ತೀರ್ಮಾನಿಸುವುದು ಹೇಗೆ? ಸಂದೇಹವಿದ್ದಾಗ ದೊಡ್ಡ ಅಂಕಿಯನ್ನೇ ಏರಿಸುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅಂಕಿಗಳು ಮುಗಿದುಹೋಗುವುದಿಲ್ಲ.

ಸೊನ್ನೆಯ ವಿಷಯ ಬೇರೆ. 0.9.0ದಂತೆ ಸೊನ್ನೆಯಿಂದ ಆರಂಭವಾಗುವ ಸಂಖ್ಯೆ ಇನ್ನೂ ಮಾತು ಕೊಟ್ಟಿಲ್ಲ. ಯಾವಾಗ ಏನು ಬೇಕಾದರೂ ಬದಲಾಗಬಹುದು ಎಂದು ನಿಯಮವೇ ಹೇಳುತ್ತದೆ. ಕ್ಯಾರೆಟ್ ಕೂಡ ಇಲ್ಲಿ ಬಿಗಿಯಾಗುತ್ತದೆ, ^0.9.0 ಎಂದರೆ 0.10.0ಕ್ಕೆ ಮೊದಲೇ ನಿಲ್ಲಬೇಕು. ಚಿಕ್ಕ ಉಪಕರಣಗಳು ವರ್ಷಗಟ್ಟಲೆ ಈ ಸೊನ್ನೆಯಲ್ಲೇ ಉಳಿಯುವುದನ್ನು ಕಾಣುತ್ತೇವೆ. ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವಾಗ 1.0.0 ಎಂದು ಬರೆಯಲು ಕೈ ಹಿಂಜರಿಯುತ್ತದೆ, ಅದು ನನಗೆ ಅರ್ಥವಾಗುತ್ತದೆ. ಆದರೂ ಜನ ನಿಜವಾದ ಕೆಲಸಕ್ಕೆ ಬಳಸತೊಡಗಿದ ಮೇಲೆ ಸೊನ್ನೆಯ ಹಿಂದೆ ನಿಲ್ಲುವುದು ಅವರಿಗೆ ನ್ಯಾಯವಲ್ಲ. ವೆಬ್ ಪುಟ ಕಟ್ಟುವ ಲೈಬ್ರರಿ ರಿಯಾಕ್ಟ್ ಇದನ್ನು ಒಪ್ಪಿಕೊಂಡ ರೀತಿ ನೆನಪಿಡುವಂಥದ್ದು: ಎಷ್ಟೋ ಕಾಲ ದೊಡ್ಡ ದೊಡ್ಡ ತಾಣಗಳನ್ನು ಹೊತ್ತುಕೊಂಡಿದ್ದ 0.14ರ ನಂತರ 2016ರಲ್ಲಿ, ಮುಂದಿನ ಸೊನ್ನೆಯನ್ನು ಬಿಟ್ಟು, ಬಂದದ್ದು 15.0.

ಎಲ್ಲರೂ ಈ ಪದ್ಧತಿ ಅನುಸರಿಸುವುದಿಲ್ಲ. ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಯ 24.04 ಎಂದರೆ 2024ರ ಏಪ್ರಿಲ್, ಅಷ್ಟೆ. ಡೊನಾಲ್ಡ್ ಕನೂತ್ ಅವರ ಅಕ್ಷರಜೋಡಣೆಯ ತಂತ್ರಾಂಶ ಟೆಕ್ ಒಂದೊಂದು ಬಿಡುಗಡೆಗೂ ಪೈ ಬೆಲೆಯ ಮತ್ತೊಂದು ಅಂಕಿಯನ್ನು ಸೇರಿಸಿಕೊಳ್ಳುತ್ತದೆ. 2021ರಲ್ಲಿ ಅದು 3.141592653ಕ್ಕೆ ಬಂದಿತು.

ಸಂಖ್ಯೆ ಹೇಳಲಾರದ್ದೂ ಒಂದಿದೆ, ಅದನ್ನು ಮುಚ್ಚಿಡಬಾರದು. 2024ರ ಆರಂಭದಲ್ಲಿ ಎಕ್ಸ್‌ಝಡ್ ಎಂಬ ಸಂಕುಚನ ಉಪಕರಣದ 5.6.0 ಮತ್ತು 5.6.1 ಹೊರಬಂದವು. ಸಂಖ್ಯೆಗಳಲ್ಲಿ ಯಾವ ಲೋಪವೂ ಇರಲಿಲ್ಲ. ಒಳಗೆ ಹಿಂಬಾಗಿಲು, ಅಂದರೆ ಹೊರಗಿನವರು ಕದ್ದು ನುಸುಳುವ ದಾರಿ, ಇತ್ತು. ಅದನ್ನು ಚಾಲೂ ಮಾಡುವ ತುಣುಕು ಬಿಡುಗಡೆಯ ಕಂತೆಯಲ್ಲಿತ್ತೇ ಹೊರತು ಎಲ್ಲರೂ ನೋಡುವ, ಮೂಲ ಕೋಡ್ ಇರುವ ಗಿಟ್ ಭಂಡಾರದಲ್ಲಿ ಇರಲಿಲ್ಲ. ದೂರದ ಕಂಪ್ಯೂಟರಿಗೆ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬೆನ್ನುಹತ್ತಿದ್ದರಿಂದ ಮಾರ್ಚ್ ಕೊನೆಯಲ್ಲಿ ಅದು ಬಯಲಾಯಿತು. ಸೆಮ್‌ವರ್ ಬದಲಾವಣೆಯ ಗಾತ್ರವನ್ನು ಹೇಳುತ್ತದೆ, ಮಾಡಿದವರ ಉದ್ದೇಶವನ್ನಲ್ಲ.

ಕೊನೆಯದಾಗಿ, ಹೊಸಬರು ಹೆಚ್ಚಾಗಿ ಮರೆಯುವ ನಿಯಮ. ಒಮ್ಮೆ ಹೊರಬಿದ್ದ ಆವೃತ್ತಿಯೊಳಗಿನ ಒಂದು ಅಕ್ಷರವನ್ನೂ ಆಮೇಲೆ ಬದಲಿಸುವಂತಿಲ್ಲ. ಹಿಂದಕ್ಕೆ ಪಡೆದರೆ ಏನಾಗುತ್ತದೆ ಎಂಬುದನ್ನು 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ತೋರಿಸಿತು. ಪಠ್ಯದ ಎಡಕ್ಕೆ ಖಾಲಿ ಜಾಗ ತುಂಬುವ 11 ಸಾಲಿನ ಆ ಪ್ಯಾಕೇಜನ್ನು ಎನ್‌ಪಿಎಂನಿಂದ ತೆಗೆದದ್ದೇ ತಡ, ಅದನ್ನು ನೇರವಾಗಿಯೋ ಸುತ್ತುಬಳಸಿಯೋ ಅವಲಂಬಿಸಿದ್ದ ಅಸಂಖ್ಯ ಯೋಜನೆಗಳ ಬಿಲ್ಡ್, ಅಂದರೆ ಕೋಡನ್ನು ಜೋಡಿಸಿ ಸಿದ್ಧಪಡಿಸುವ ಕೆಲಸ, ನಿಂತುಹೋಯಿತು. ಆ ಬಳಿಕ ಎನ್‌ಪಿಎಂ ಪ್ಯಾಕೇಜ್ ತೆಗೆಯುವ ನಿಯಮವನ್ನು ಬಿಗಿ ಮಾಡಿತು. ಕಾರ್ಗೋದಲ್ಲಿ ಕೆಟ್ಟ ಬಿಡುಗಡೆಯನ್ನು ಅಳಿಸದೆ ಬದಿಗಿಡಬಹುದು, ಇದಕ್ಕೆ ಯಾಂಕ್ ಎನ್ನುತ್ತಾರೆ. ಆಗ ಹೊಸದಾಗಿ ಯಾರೂ ಅದನ್ನು ಆರಿಸಿಕೊಳ್ಳುವುದಿಲ್ಲ, ಆದರೆ ಬಳಸುವ ಆವೃತ್ತಿಗಳನ್ನು ನಿಖರವಾಗಿ ಗುರುತಿಟ್ಟುಕೊಳ್ಳುವ ಲಾಕ್ ಕಡತದಲ್ಲಿ ಈಗಾಗಲೇ ಬರೆದುಕೊಂಡವರಿಗೆ ಸಿಗುತ್ತಲೇ ಇರುತ್ತದೆ. ತಪ್ಪಿರುವ 1.4.2 ಹಾಗೆಯೇ ಉಳಿಯುತ್ತದೆ. ತಿದ್ದುಪಡಿ 1.4.3 ಆಗಿ ಅದರ ಮುಂದೆ ಬಂದು ನಿಲ್ಲಬೇಕು, ಬದಲಾವಣೆಗಳ ಪಟ್ಟಿಯಾದ ಚೇಂಜ್‌ಲಾಗ್‌ನಲ್ಲಿ ಏನು ತಪ್ಪಿತ್ತು ಎಂಬ ಒಂದು ಸಾಲಿನೊಡನೆ.